ಹಾಯಿದೋಣಿಯ ಹಳೆ ಸಂಡಾಸ: ಬಿಚ್ಚಿ ಸರಿಮಾಡಬೇಕೋ, ಹೊಸದು ಕೂಡಿಸಬೇಕೋ?

ಓದುಗರ ಪ್ರಶ್ನೆ, ರಿಪೇರಿ ಬಳಗದ ಉತ್ತರ

ಬೆಳಗಾವಿಯಿಂದ ಚೋರ್ಲಾ ಘಾಟು ಇಳಿದರೆ ಗೋವಾದ ಹೊಳೆಗಳು, ಬಾಗಲಕೋಟೆಯ ಪಕ್ಕದಲ್ಲೇ ಆಲಮಟ್ಟಿಯ ಹಿನ್ನೀರು. ದೋಣಿಯ ಬಗ್ಗೆ ಪತ್ರಗಳು ಬರುತ್ತಲೇ ಇವೆ. ಅವುಗಳಲ್ಲಿ ಸಂಡಾಸದ ದೂರುಗಳೇ ಹೆಚ್ಚಾದ್ದರಿಂದ ಈ ಸಂಚಿಕೆಯನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮಸ್ಕಾರ್ರಿ. ನಾನೂ ನಮ್ಮ ಅಣ್ಣಾನೂ ಸೇರಿ 28 ಫೂಟಿನ ಹಳೇ ಫೈಬರ್ ಹಾಯಿದೋಣಿ ತಗೊಂಡೇವಿ. ಮಾಂಡೋವಿ ಹೊಳ್ಯಾಗ ನಿಂತೈತಿ. ಕೈಪಂಪಿನ ಸಂಡಾಸ ಐತಿ. ಹಿಡಿಕಿ ಬುಡದಾಗ ನೀರು ಜಿನಗತೈತಿ. ರಾತ್ರಿ ಬಿಟ್ಟು ಮುಂಜಾನೆ ನೋಡಿದ್ರ ಬಟ್ಲದಾಗ ಕಂದು ನೀರು ನಿಂತಿರತೈತಿ. ಹಿಡಿಕಿ ಒತ್ತಾಕ ಎರಡೂ ಕೈ ಬೇಕು. ಪೂರಾ ತಗದು ಹೊಸದು ಹಾಕ್ರಿ ಅಂತಾರ ಕೆಲವ್ರು. ಏನ್ ಮಾಡೂಣ್ರಿ?
— ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ಉತ್ತರ: ಹೊಸದು ತರುವ ಮೊದಲು ಪಂಪು ಬಿಚ್ಚಿ ನೋಡಿ. ನೀವು ಬರೆದಿರುವ ಮೂರೂ ತೊಂದರೆ ಬಹುಪಾಲು ರಬ್ಬರಿನವು. ಚೀನಿ ಬಟ್ಟಲಕ್ಕೂ ಅದಕ್ಕೂ ಸಂಬಂಧವಿಲ್ಲ.

ಈ ಪಂಪು ಒಂದೇ ಕೊಳವೆಯಲ್ಲಿ ಎರಡು ಕೆಲಸ ಮಾಡುತ್ತದೆ. ಹಿಡಿಕೆ ಮೇಲೆತ್ತಿದಾಗ ಪಿಸ್ಟನ್ನಿನ ಕೆಳಭಾಗ ಬಟ್ಟಲದ ಹೊಲಸನ್ನು ಎಳೆದುಕೊಳ್ಳುತ್ತದೆ, ಮೇಲ್ಭಾಗ ಶುದ್ಧ ಸಮುದ್ರದ ನೀರನ್ನು ಬಟ್ಟಲಕ್ಕೆ ನೂಕುತ್ತದೆ. ಕೆಳಗೊತ್ತಿದಾಗ ಹೊಲಸು ಹೊರಪೈಪಿಗೆ ಹೋಗುತ್ತದೆ, ಮೇಲ್ಭಾಗಕ್ಕೆ ಹೊಸ ನೀರು ಬರುತ್ತದೆ. ನೀರು ಬರುವ ಪೈಪು 19 ಮಿ.ಮೀ., ಹೋಗುವ ಪೈಪು 38 ಮಿ.ಮೀ. ನಡುವೆ ನಾಲ್ಕೈದು ರಬ್ಬರ್ ತುಂಡುಗಳು ಬಾಗಿಲು ಕಾಯುತ್ತವೆ.

ಹಿಡಿಕೆಯ ಬುಡದಲ್ಲಿ ಜಿನುಗುವುದೆಂದರೆ ಮೇಲ್ಮುಚ್ಚಳದಲ್ಲಿ ಪಿಸ್ಟನ್ ಸಳಿಯನ್ನು ಅಪ್ಪಿಕೊಂಡಿರುವ ಗ್ಲ್ಯಾಂಡ್ ಸೀಲ್ ಸವೆದಿದೆ. ಜಿನುಗುವುದು ಶುದ್ಧ ನೀರೇ. ಆದರೆ ಅದು ನೆಲಹಾಸಿನ ಕೆಳಗಿಳಿದು ಕಟ್ಟಿಗೆ ಕೊಳೆಸುತ್ತದೆ, ಹಾಗಾಗಿ ಬಿಡಬಾರದು.

ಕಂದು ನೀರು ಮರಳುವುದಕ್ಕೆ ಕಾರಣ ಜೋಕರ್ ವಾಲ್ವ್. ಹೊರಹೋಗುವ ಮೊಣಕೈ ಪೈಪಿನೊಳಗೆ ಬಾತುಕೋಳಿಯ ಕೊಕ್ಕಿನಂತಿರುವ ರಬ್ಬರ್ ಅದು. ಹೊಸದಿದ್ದಾಗ ಕೊಕ್ಕಿನ ಎರಡೂ ತುಟಿ ಕೂದಲೆಳೆಯೂ ನುಸುಳದಷ್ಟು ಮುಚ್ಚಿರುತ್ತವೆ. ವರ್ಷ ಕಳೆದ ಮೇಲೆ ತುಟಿಗೆ ಸುಣ್ಣ ಕಟ್ಟಿ, ಸೀಳು ಅಗಲವಾಗಿ, ಒಂದು ಕಡಲೆಬೇಳೆ ತೂರುವಷ್ಟು ಸಂದಿ ಬೀಳುತ್ತದೆ. ಪೈಪಿನಲ್ಲಿ ಉಳಿದದ್ದೆಲ್ಲ ಆ ಸಂದಿಯಿಂದ ಹಿಂದಕ್ಕೆ ಬರುತ್ತದೆ.

ಇಲ್ಲಿ ಒಂದು ಅಳತೆ ತಪ್ಪದೆ ಮಾಡಿ. 38 ಮಿ.ಮೀ. ಪೈಪು ಮೀಟರಿಗೆ 1.13 ಲೀಟರ್ ನೀರು ಹಿಡಿಯುತ್ತದೆ. ನಿಮ್ಮ ಹೊರಪೈಪು 3 ಮೀಟರ್ ಇದ್ದರೆ ಅದರಲ್ಲಿರುವುದು ಒಟ್ಟು ಮೂರೂವರೆ ಲೀಟರಿನೊಳಗೆ. ರಾತ್ರಿಯಿಡೀ ಬಟ್ಟಲಕ್ಕೆ ಬಂದದ್ದು ಅಷ್ಟರೊಳಗಿದ್ದು ನಿಂತುಬಿಟ್ಟರೆ ಅದು ಪೈಪಿನ ನೀರು, ಜೋಕರ್ ವಾಲ್ವ್ ಬದಲಿಸಿದರೆ ಮುಗಿಯಿತು. ಏರುತ್ತಲೇ ಹೋದರೆ ಅದು ಹೊಳೆಯ ನೀರು. ಆಗ ದೋಣಿಯ ತಳದ ಎರಡೂ ವಾಲ್ವ್‌ಗಳನ್ನು, ಅಂದರೆ ಸೀಕಾಕ್‌ಗಳನ್ನು, ಕೂಡಲೇ ಮುಚ್ಚಿ. ಕೆಳಗೆ ಶಹಾಪುರದ ಓದುಗರಿಗೆ ಕೊಟ್ಟ ಉತ್ತರ ಓದುವವರೆಗೂ ತೆರೆಯಬೇಡಿ.

ಹಿಡಿಕೆ ಬಿಗಿಯಾಗಲು ಎರಡು ಕಾರಣ. ಬಟ್ಟಲ ಖಾಲಿಯಿದ್ದು ಹೊರಪೈಪು ಪಂಪಿನಿಂದ ಕಳಚಿದಾಗಲೂ ಬಿಗಿಯಾಗಿದ್ದರೆ ಪಿಸ್ಟನ್ನಿನ ಸುತ್ತಲಿನ ರಬ್ಬರ್ ಬಳೆ, ಅಂದರೆ ಓ-ರಿಂಗ್, ಒಣಗಿದೆ. ಪೈಪು ಕಳಚಿದ ಕೂಡಲೇ ಹಗುರಾದರೆ ಪೈಪಿನಲ್ಲಿ ಸುಣ್ಣದ ಪದರ ಕಟ್ಟಿದೆ. ಒತ್ತಿಬಿಟ್ಟ ಹಿಡಿಕೆ ತಾನಾಗಿಯೇ ಮೇಲೇಳುತ್ತಿದ್ದರೆ ಅದೂ ಪೈಪು ಕಟ್ಟಿದ್ದರ ಗುರುತೇ. ಅಂಥ ಹಿಡಿಕೆಯನ್ನು ಮೈಭಾರ ಹಾಕಿ ಒತ್ತಬೇಡಿ. ಪೈಪಿನ ಕ್ಲಿಪ್ಪು ಕಳಚಿಕೊಂಡರೆ ಒಳಗಿನದೆಲ್ಲ ಗೋಡೆಗೆ ಹಾರುತ್ತದೆ.

ಈಗ ಬಿಚ್ಚುವ ಕ್ರಮ. ನಿಮ್ಮ ಪಂಪಿನ ಕಂಪನಿ, ಮಾದರಿ ನೋಡಿಕೊಂಡು ಅದರದೇ ಸೀಲ್ ಕಿಟ್ ತರಿಸಿ. ಜಾಬ್ಸ್ಕೊ, ರಾರಿಟನ್, ಲಾವಾಕ್ ಒಂದೊಂದರ ರಬ್ಬರೂ ಬೇರೆ, ಒಂದರದ್ದು ಇನ್ನೊಂದಕ್ಕೆ ಕೂಡದು. ಕಿಟ್ಟಿನಲ್ಲಿ ಜೋಕರ್ ವಾಲ್ವ್, ಬುಡದ ಫ್ಲಾಪರ್ (ಏಳುಬೀಳುವ ರಬ್ಬರ್ ಮುಚ್ಚಳ) ಗ್ಯಾಸ್ಕೆಟ್, ಮೇಲಿನ ವಾಲ್ವ್ ಗ್ಯಾಸ್ಕೆಟ್, ಪಿಸ್ಟನ್ ಓ-ರಿಂಗ್, ಗ್ಲ್ಯಾಂಡ್ ಸೀಲ್ ಇರಬೇಕು. ಗ್ಲ್ಯಾಂಡ್ ಸೀಲ್ ಕೆಲವು ಕಿಟ್‌ಗಳಲ್ಲಿ ಇರುವುದಿಲ್ಲ, ಕೇಳಿ ತಗೊಳ್ಳಿ.

ಹಿಂದಿನ ದಿನ ಬಟ್ಟಲಕ್ಕೆ ಅರ್ಧ ಲೀಟರ್ ಬಿಳಿ ವಿನಿಗರ್ ಹಾಕಿ ನಾಲ್ಕು ಸಲ ಪಂಪು ಮಾಡಿ ರಾತ್ರಿ ಬಿಡಿ. ಮುಂಜಾನೆ ಸಿಹಿನೀರು ಸುರಿಯುತ್ತ ಮೂವತ್ತು ನಲವತ್ತು ಸಲ ಪಂಪು ಮಾಡಿ ಖಾಲಿ ಮಾಡಿ. ಎರಡೂ ಸೀಕಾಕ್ ಮುಚ್ಚಿ. ಪೈಪುಗಳ ಫೋಟೋ ತೆಗೆದಿಡಿ. ಕೈಗವಸು, ಬಕೆಟ್ಟು, ಹಳೆ ಪತ್ರಿಕೆ ಹತ್ತಿರವಿರಲಿ.

ಮೊದಲು ಹೊರಪೈಪಿನ ಮೊಣಕೈ ಬಿಚ್ಚಿ. ಹಳೆ ಜೋಕರ್ ವಾಲ್ವ್ ತೆಗೆಯುವಾಗ ಕೊಕ್ಕು ಯಾವ ಕಡೆ ಇತ್ತೆಂದು ನೋಡಿಕೊಳ್ಳಿ. ಕೊಕ್ಕು ಯಾವಾಗಲೂ ಹೊಲಸು ಹೋಗುವ ದಿಕ್ಕಿಗೇ ಇರಬೇಕು. ಉಲ್ಟಾ ಕೂಡಿಸಿದರೆ ಪಂಪು ಒಂದೇ ಒಂದು ಸಲವೂ ಹೊರಹಾಕುವುದಿಲ್ಲ. ನಂತರ ಮೇಲ್ಮುಚ್ಚಳದ ಸ್ಕ್ರೂಗಳು, ಹೆಚ್ಚಿನ ಮಾದರಿಗಳಲ್ಲಿ ಆರು. ಮುಚ್ಚಳದ ಜೊತೆಗೇ ಪಿಸ್ಟನ್ ಎಳೆದರೆ ಬರುತ್ತದೆ. ಕೊನೆಗೆ ಕೊಳವೆಯನ್ನು ಬುಡದಿಂದ ಎತ್ತಿ, ಅಲ್ಲಿ ಸಣ್ಣ ತೂಕದ ತುಂಡಿರುವ ಫ್ಲಾಪರ್ ಸಿಗುತ್ತದೆ. ತೂಕ ಮೇಲಿತ್ತೋ ಕೆಳಗಿತ್ತೋ, ಅದರದ್ದೂ ಫೋಟೋ ಇರಲಿ.

ಕೊಳವೆಯೊಳಗಿನ ಸುಣ್ಣವನ್ನು ಚಾಕುವಿನಿಂದ ಕೆರೆಯಬೇಡಿ, ಸ್ಯಾಂಡ್ ಪೇಪರ್ ಮುಟ್ಟಿಸಬೇಡಿ. ವಿನಿಗರಿನಲ್ಲಿ ಒಂದು ರಾತ್ರಿ ನೆನೆಹಾಕಿ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಒಣಗಿಸಿ ಒಳಗೋಡೆಯ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳುವ ಗೀರು ಇದ್ದರೆ ಎಷ್ಟು ಹೊಸ ಓ-ರಿಂಗ್ ಹಾಕಿದರೂ ನಿಲ್ಲುವುದಿಲ್ಲ. ಪಿಸ್ಟನ್ ಸಳಿಗೂ ಇದೇ ಪರೀಕ್ಷೆ. ಗೀರು ಬಿದ್ದ ಸಳಿ ಹೊಸ ಗ್ಲ್ಯಾಂಡ್ ಸೀಲನ್ನು ಕೆಲವೇ ವಾರದಲ್ಲಿ ತಿಂದುಹಾಕುತ್ತದೆ.

ಜೋಡಿಸುವಾಗ ಓ-ರಿಂಗಿಗೂ ಸಳಿಗೂ ಸಿಲಿಕಾನ್ ಗ್ರೀಸ್ ಹಚ್ಚಿ. ಅಡುಗೆ ಎಣ್ಣೆ ಬಟ್ಟಲಕ್ಕೆ ಸುರಿಯಿರಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದು ನಾಲ್ಕು ದಿನ ಹಗುರ ಮಾಡಿ ತೊಳೆದುಹೋಗುತ್ತದೆ, ಗ್ರೀಸಿನ ಕೆಲಸ ಮಾಡುವುದಿಲ್ಲ. ಸ್ಕ್ರೂಗಳು ಪ್ಲಾಸ್ಟಿಕ್ಕಿಗೇ ಕಚ್ಚುವಂಥವು. ಹಾಗಾಗಿ ಸ್ಕ್ರೂ ಇಟ್ಟು ಮೊದಲು ಎಡಕ್ಕೆ ತಿರುಗಿಸಿ. ಹಳೆಯ ಗೆರೆಗೆ (ಥ್ರೆಡ್ಡಿಗೆ) ಬಿದ್ದಾಗ ಬೆರಳಿಗೆ 'ಟಕ್' ಎಂದು ತಿಳಿಯುತ್ತದೆ, ಆಮೇಲೆ ಬಲಕ್ಕೆ. ಎದುರುಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತ ಬನ್ನಿ, ಸ್ಕ್ರೂ ಡ್ರೈವರಿನ ಕೈಬಲ ಸಾಕು. ಬ್ಯಾಟರಿ ಡ್ರಿಲ್ ಹಾಕಿದರೆ ಗೆರೆ ಕಿತ್ತು ಬುಡವೇ ಹಾಳು.

ಪರೀಕ್ಷೆಗೆ ಎಲ್ಲ ಜೋಡಣೆಗೂ ಒಣ ಟಿಶ್ಯೂ ಸುತ್ತಿ, ಸೀಕಾಕ್ ತೆರೆದು ಇಪ್ಪತ್ತು ಸಲ ಪಂಪು ಮಾಡಿ. ಕಣ್ಣಿಗೆ ಕಾಣದ ಜಿನುಗೂ ಟಿಶ್ಯೂ ಮೇಲೆ ಕಲೆಯಾಗಿ ಕಾಣುತ್ತದೆ. ಬಟ್ಟಲ ಒಣಗಿಸಿ ಎರಡು ತಾಸು ಬಿಟ್ಟು ನೋಡಿ.

ಪೂರ್ತಿ ಬದಲಿಸಬೇಕಾದದ್ದು ಬುಡ ಬಿರುಕು ಬಿಟ್ಟಾಗ, ಸ್ಕ್ರೂ ಗೆರೆಗಳು ಕಿತ್ತಾಗ, ಅಥವಾ ಆ ಮಾದರಿಯ ಕಿಟ್ಟೇ ಸಿಗದಾಗ. ಕೊಳವೆ ಅಥವಾ ಸಳಿ ಮಾತ್ರ ಗೀರಿದ್ದರೆ ಪಂಪಿನ ಜೋಡಣೆ ಒಂದನ್ನೇ ತರಿಸಿ, ಬಟ್ಟಲ ಮತ್ತು ಬುಡ ಹಳೆಯವೇ ಇರಲಿ. ಆರ್ಡರ್ ಕೊಡುವ ಮೊದಲು ಬುಡದ ಸ್ಕ್ರೂ ತೂತುಗಳ ಅಂತರ ಅಳೆದು ಹೋಲಿಸಿ. ನಿಮ್ಮ ಪತ್ರ ನೋಡಿದರೆ ಕಿಟ್ಟು ಮತ್ತು ಹೊಸ ಹೊರಪೈಪು, ಇಷ್ಟರಲ್ಲೇ ಕೆಲಸ ಆಗುತ್ತದೆ.

ಮನೆಯವರಿಗೂ ಬರುವ ಬೀಗರಿಗೂ ಹೇಳಿಕೊಡಬೇಕಾದ ಮಾತು ಒಂದು: ಬಟ್ಟಲ ಸ್ವಚ್ಛ ಕಂಡ ಕೂಡಲೇ ಪಂಪು ನಿಲ್ಲಿಸಬಾರದು. ಪೈಪಿನ ಪ್ರತಿ ಮೀಟರಿಗೆ ಏಳು ಸಲ ಒತ್ತಬೇಕು. 3 ಮೀಟರಿಗೆ ಇಪ್ಪತ್ತೊಂದು. ಹೆಚ್ಚಿನವರು ಆರಕ್ಕೇ ನಿಲ್ಲಿಸುತ್ತಾರೆ, ಉಳಿದದ್ದು ಪೈಪಿನಲ್ಲೇ ಕೂತು ಸುಣ್ಣವಾಗುತ್ತದೆ.

ಪ್ರಶ್ನೆ: ನಮ್ಮ ಹಾಯಿದೋಣಿಯ ಸಂಡಾಸ ನೀರಿನ ಮಟ್ಟಕ್ಕಿಂತ ಕೆಳಗಿದೆ. ಹಿಂದಿನ ಮಾಲೀಕರು ಪೈಪುಗಳನ್ನು ನೇರವಾಗಿ ತಳದ ವಾಲ್ವಿಗೆ ಕೂಡಿಸಿದ್ದಾರೆ. ಮೇಲೆ ಬಳಸಿ ತರಬೇಕು ಅಂತ ಒಬ್ಬರು ಹೇಳಿದರು. ಬೇಕೇಬೇಕೆ? ಎಲ್ಲಿ ಹಾಕಬೇಕು?
— ಓದುಗರೊಬ್ಬರು, ಶಹಾಪುರ, ಬೆಳಗಾವಿ

ಉತ್ತರ: ಬೇಕೇಬೇಕು. ಇದಾಗುವವರೆಗೆ ಸಂಡಾಸ ಬಳಸಿದ ಪ್ರತಿ ಸಲವೂ ಎರಡೂ ಸೀಕಾಕ್ ಮುಚ್ಚಿ. ದೋಣಿ ಬಿಟ್ಟು ಹೋಗುವಾಗಂತೂ ಮರೆಯಲೇಬೇಡಿ.

ಟ್ಯಾಂಕಿನಿಂದ ಪೈಪು ಹಾಕಿ ಬಾಯಿಂದ ಎಳೆದು ಡೀಸೆಲ್ ಇಳಿಸುವುದನ್ನು ಎಲ್ಲರೂ ನೋಡಿದ್ದೀರಿ. ಒಮ್ಮೆ ಹರಿಯಲು ಶುರುವಾದರೆ ಎರಡೂ ಕಡೆಯ ಮಟ್ಟ ಸಮನಾಗುವವರೆಗೆ ನಿಲ್ಲುವುದಿಲ್ಲ. ಬಟ್ಟಲದ ಅಂಚು ಹೊಳೆಯ ಮಟ್ಟಕ್ಕಿಂತ ಕೆಳಗಿದ್ದರೆ ಹೊಳೆ ನಿಮ್ಮ ದೋಣಿಯನ್ನು ಟ್ಯಾಂಕು ಅಂದುಕೊಳ್ಳುತ್ತದೆ. ನಡುವೆ ತಡೆಯುವುದು ಬೆರಳಗಲದ ರಬ್ಬರ್ ಒಂದೇ. 60 ಸೆಂ.ಮೀ. ಆಳದಲ್ಲಿ 19 ಮಿ.ಮೀ. ತೂತು ಪೂರ್ತಿ ತೆರೆದುಕೊಂಡರೆ ನಿಮಿಷಕ್ಕೆ ಸುಮಾರು 35 ಲೀಟರ್ ನುಗ್ಗುತ್ತದೆ. 38 ಮಿ.ಮೀ. ತೂತಾದರೆ ಸುಮಾರು 140 ಲೀಟರ್. ಒಂದು ತಾಸು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಎಷ್ಟಾಗುತ್ತದೆ ಲೆಕ್ಕ ಹಾಕಿ.

ಅದಕ್ಕೇ ಗಾಳಿ ವಾಲ್ವಿನ ಬಳಸು: ಪೈಪನ್ನು ತಲೆಕೆಳಗಾದ 'ಯು' ಆಕಾರದಲ್ಲಿ ಮೇಲೆತ್ತಿ, ನೆತ್ತಿಯಲ್ಲಿ ಗಾಳಿಯನ್ನು ಒಳಗೆ ಬಿಡುವ, ನೀರನ್ನು ಹೊರಗೆ ಬಿಡದ ಸಣ್ಣ ವಾಲ್ವ್ ಇರುವ ತುಂಡು ಹಾಕುವುದು. ಪಂಪು ನಿಂತು ನೀರು ತಾನಾಗಿಯೇ ಹರಿಯತೊಡಗಿದ ಕೂಡಲೇ ಗಾಳಿ ನುಗ್ಗಿ ನೀರಿನ ಸಾಲು ಕಡಿದುಹೋಗುತ್ತದೆ. ನೆತ್ತಿ ನೀರಿನ ಮಟ್ಟಕ್ಕಿಂತ ಕನಿಷ್ಠ 20 ಸೆಂ.ಮೀ. ಮೇಲಿರಬೇಕು. ಇದು ದೋಣಿ ಸುಮ್ಮನೆ ನಿಂತಾಗಿನ ಮಟ್ಟವಲ್ಲ, ಗಾಳಿಗೆ ಪೂರ್ತಿ ವಾಲಿದಾಗ ಆ ಕಡೆಗೆ ಬರುವ ಮಟ್ಟ. ಸಂಡಾಸ ದೋಣಿಯ ಒಂದು ಪಕ್ಕಕ್ಕಿದ್ದರೆ ಈ ವ್ಯತ್ಯಾಸ ದೊಡ್ಡದು.

ಹೊರಪೈಪಿಗೆ ಬಳಸು ಪಂಪಿಗೂ ಸೀಕಾಕಿಗೂ ನಡುವೆ ಬರುತ್ತದೆ, ಅದರಲ್ಲಿ ಗೊಂದಲವಿಲ್ಲ. ಒಳಪೈಪಿನಲ್ಲಿ ತುಂಬ ಜನ ತಪ್ಪುತ್ತಾರೆ. ಸೀಕಾಕಿಗೂ ಪಂಪಿಗೂ ನಡುವೆ ಹಾಕಿದರೆ ಪಂಪು ನೀರು ಎಳೆಯುವ ಬದಲು ನೆತ್ತಿಯ ವಾಲ್ವಿನಿಂದ ಗಾಳಿಯನ್ನೇ ಎಳೆಯುತ್ತದೆ, ಬಟ್ಟಲಕ್ಕೆ ನೀರೇ ಬರುವುದಿಲ್ಲ. ಆಗ ಬೇಸತ್ತು ಆ ಗಾಳಿ ವಾಲ್ವಿಗೆ ಟೇಪು ಸುತ್ತುವವರಿದ್ದಾರೆ. ಟೇಪು ಸುತ್ತಿದ ಬಳಸು ಇದ್ದೂ ಇಲ್ಲದಂತೆ. ಸರಿಯಾದ ಜಾಗ ಪಂಪಿಗೂ ಬಟ್ಟಲಕ್ಕೂ ನಡುವೆ. ಪಂಪಿನ ತಲೆಯಿಂದ ಬಟ್ಟಲದ ಹಿಂಬದಿಗೆ ಹೋಗುವ ಗೇಣುದ್ದದ ಪೈಪು ತೆಗೆದು, ಆ ಜಾಗದಲ್ಲಿ ಉದ್ದ ಪೈಪು ಹಾಕಿ ಮೇಲೆ ಬಳಸಿ ತನ್ನಿ.

ಗಾಳಿ ವಾಲ್ವಿನ ಬಾಯಿಗೂ ಉಪ್ಪು ಕಟ್ಟುತ್ತದೆ. ಮೂರು ತಿಂಗಳಿಗೊಮ್ಮೆ ಬಿಚ್ಚಿ ಬಿಸಿನೀರಲ್ಲಿ ತೊಳೆಯಿರಿ. ನೀರಿನ ಮಟ್ಟದ ಕೆಳಗಿನ ಪ್ರತಿ ಜೋಡಣೆಗೂ 316 ದರ್ಜೆಯ ಸ್ಟೇನ್‌ಲೆಸ್ಸಿನ ಎರಡೆರಡು ಕ್ಲಿಪ್ಪು ಹಾಕಿ. ಕೊಳ್ಳುವಾಗ ಒಂದು ಅಯಸ್ಕಾಂತ ಜೇಬಿನಲ್ಲಿರಲಿ. ಪಟ್ಟಿ ಸ್ಟೇನ್‌ಲೆಸ್ ಇದ್ದರೂ ಅದರ ಸ್ಕ್ರೂ ಸಾದಾ ಉಕ್ಕಿನದಾಗಿದ್ದರೆ ಅಯಸ್ಕಾಂತ ಗಟ್ಟಿಯಾಗಿ ಕಚ್ಚಿ ಹಿಡಿಯುತ್ತದೆ, ಅಂಥದ್ದಕ್ಕೆ ಜಂಗು ಹಿಡಿದು ಉದುರುವುದು ಗ್ಯಾರಂಟಿ. ಪ್ರತಿ ಸೀಕಾಕಿನ ಪಕ್ಕ ಅದರ ಬಾಯಿಗೆ ಸರಿಹೋಗುವ ಮೆದು ಕಟ್ಟಿಗೆಯ ಬೆಣೆಯೊಂದನ್ನು ದಾರದಿಂದ ಕಟ್ಟಿಡಿ.

ಪ್ರಶ್ನೆ: ಉದ್ಯಮಬಾಗದಲ್ಲಿ ನಮ್ಮದು ಸಣ್ಣ ಲೇಥ್ ವರ್ಕ್‌ಶಾಪ್. ಗೋವಾದಿಂದ ಒಬ್ಬರು ದೋಣಿಯ ಸಂಡಾಸದ ಭಾಗಗಳನ್ನು ಮಾಡಿಕೊಡಿ ಅಂತ ತಂದಿದ್ದಾರೆ: ಪಿಸ್ಟನ್ ಸಳಿ, ಗ್ಲ್ಯಾಂಡ್ ಬುಷ್, ಒಂದು ಹಿತ್ತಾಳೆ ವಾಲ್ವ್, ರಬ್ಬರುಗಳು. ಯಾವುದನ್ನು ಒಪ್ಪಿಕೊಳ್ಳಬಹುದು?
— ಓದುಗರೊಬ್ಬರು, ಬೆಳಗಾವಿ

ಉತ್ತರ: ಸಳಿ ಮತ್ತು ಬುಷ್ ಧೈರ್ಯವಾಗಿ ಒಪ್ಪಿಕೊಳ್ಳಿ, ಇಂಥ ಕೆಲಸಕ್ಕೆ ಬೆಳಗಾವಿಗಿಂತ ಒಳ್ಳೆಯ ಊರು ಹತ್ತಿರದಲ್ಲಿಲ್ಲ. ಸಳಿಗೆ 316 ಸ್ಟೇನ್‌ಲೆಸ್ ರಾಡೇ ಬಳಸಿ. 304ರಲ್ಲಿ ಮಾಲಿಬ್ಡಿನಂ ಇರುವುದಿಲ್ಲ, ಉಪ್ಪುನೀರಲ್ಲಿ ಚುಕ್ಕೆಚುಕ್ಕೆಯಾಗಿ ಕೊರೆದು ಆ ಚುಕ್ಕೆಗಳೇ ಸೀಲನ್ನು ಹರಿಯುತ್ತವೆ. ಕೊನೆಗೆ ಪಾಲಿಶ್ ಮಾಡಿ ಕನ್ನಡಿಯಂತೆ ಹೊಳೆಯಬೇಕು, ಲೇಥ್ ಟೂಲಿನ ಗೆರೆ ಉಳಿಯಬಾರದು.

ಬುಷ್ಷಿಗೆ ನೈಲಾನ್ ಬೇಡ. ನೈಲಾನ್ ನೀರು ಹೀರಿ ಉಬ್ಬುತ್ತದೆ. ಇವತ್ತು ಸರಾಗ ಆಡುವ ಸಳಿ ಒಂದೆರಡು ವಾರಕ್ಕೆ ಕಚ್ಚಿಕೊಳ್ಳುತ್ತದೆ. ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ರಾಡಿನಿಂದ ಮಾಡಿ. ಓ-ರಿಂಗಿನ ಅಳತೆ ತೆಗೆಯುವಾಗ ಚಪ್ಪಟೆಯಾದ ಹಳೆ ರಿಂಗನ್ನು ಅಳೆಯಬೇಡಿ, ಅದು ಕೂರುವ ತೋಡಿನ ಅಗಲ, ಆಳ ಅಳೆಯಿರಿ. ಚಪ್ಪಟೆ ಗ್ಯಾಸ್ಕೆಟ್‌ಗಳನ್ನು ಅಷ್ಟೇ ದಪ್ಪದ ನಿಯೋಪ್ರೀನ್ ಹಾಳೆಯಿಂದ ಕತ್ತರಿಸಬಹುದು. ಜೋಕರ್ ವಾಲ್ವ್ ಮಾತ್ರ ಒಪ್ಪಿಕೊಳ್ಳಬೇಡಿ. ಅದು ಅಚ್ಚಿನಲ್ಲಿ ಎರೆದದ್ದು, ತುಟಿಯ ದಪ್ಪ ಬುಡದಿಂದ ತುದಿಗೆ ಇಳಿಯುತ್ತ ಹೋಗುತ್ತದೆ. ಹಾಳೆ ಸುತ್ತಿ ಅಂಟಿಸಿದ್ದು ಮುಚ್ಚಿಕೊಳ್ಳುವುದಿಲ್ಲ.

ಆ ಹಿತ್ತಾಳೆ ವಾಲ್ವಿನ ವಿಷಯಕ್ಕೆ ಬನ್ನಿ, ಇದು ಎಲ್ಲಕ್ಕಿಂತ ಮುಖ್ಯ. ಹಾರ್ಡ್‌ವೇರ್ ಅಂಗಡಿಯ ಸಾದಾ ಹಿತ್ತಾಳೆಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಸತುವು. ಸಮುದ್ರದ ನೀರು ಆ ಸತುವನ್ನು ಮೆಲ್ಲಗೆ ಎಳೆದುಬಿಡುತ್ತದೆ, ಉಳಿಯುವುದು ಸ್ಪಂಜಿನಂಥ ತಾಮ್ರ. ಹೊರಗಿನ ಆಕಾರ ಹಾಗೇ ಇರುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಚಾಕುವಿನ ಮೊನೆಯಿಂದ ಕೆರೆದು ನೋಡಿ: ಹಳದಿ ಹೊಳಪು ಬಂದರೆ ಲೋಹ ಇನ್ನೂ ಜೀವಂತ, ಗುಲಾಬಿ ಬಣ್ಣ ಬಂದರೆ ಸತ್ತಿದೆ. ಅಂಥದ್ದು ಪಾನಾ ಹಾಕಿದ ಕೂಡಲೇ ಬಿಸ್ಕಿಟಿನಂತೆ ಮುರಿಯುತ್ತದೆ. ಅದನ್ನು ರಿಪೇರಿ ಮಾಡಿಕೊಡಬೇಡಿ, ಹಿತ್ತಾಳೆಯಲ್ಲೇ ಹೊಸದು ಮಾಡಿಯೂ ಕೊಡಬೇಡಿ. ಗನ್ ಮೆಟಲ್ (ತಾಮ್ರ, ತವರ ಬೆರೆತ ಲೋಹ) ಎರಕ ಬಳಸಿ. ಭಾರತೀಯ ಮಾನಕ ಐಎಸ್ 318ರ ಎಲ್‌ಟಿಬಿ-2 ದರ್ಜೆಯಲ್ಲಿ ಸತುವು ನೂರಕ್ಕೆ ಐದರ ಸುಮಾರು. ಸುತ್ತಲಿನ ಫೌಂಡ್ರಿಗಳಿಗೆ ಈ ಹೆಸರು ಹೇಳಿದರೆ ತಿಳಿಯುತ್ತದೆ. ಇಲ್ಲವೇ ಗಾಜಿನ ನಾರು ಬೆರೆಸಿದ ನೈಲಾನಿನ ಸೀಕಾಕ್ ತರಿಸಲು ಹೇಳಿ. ಇದು ಬಲವರ್ಧಿತ ನೈಲಾನ್, ಬುಷ್ಷಿನ ಸಾದಾ ನೈಲಾನ್ ಬೇರೆ. ಸೀಕಾಕ್ ಬದಲಿಸುವುದು ದೋಣಿಯನ್ನು ದಡಕ್ಕೆ ಎಳೆದಾಗ ಮಾತ್ರ.

ಪ್ರಶ್ನೆ: ದೋಣಿಯ ಸಂಡಾಸ ದಿನಾ ತೊಳೆದರೂ ವಾಸನೆ ಹೋಗುವುದಿಲ್ಲ. ಬ್ಲೀಚ್ ಹಾಕಿದರೆ ಎರಡು ದಿನ ಸುಮ್ಮನಿದ್ದು ಮತ್ತೆ ಬರುತ್ತದೆ.
— ಓದುಗರೊಬ್ಬರು, ಖಾನಾಪುರ

ಉತ್ತರ: ಬ್ಲೀಚ್ ನಿಲ್ಲಿಸಿ, ಅದು ರಬ್ಬರುಗಳನ್ನು ಗಡುಸು ಮಾಡುತ್ತದೆ. ವಾಸನೆ ಯಾವಾಗ ಬರುತ್ತದೆ ನೋಡಿ. ವಾರದ ನಂತರ ಬಂದು ಮೊದಲ ಸಲ ಪಂಪು ಒತ್ತಿದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಸಂಡಾಸದ್ದಲ್ಲ, ಒಳಪೈಪಿನಲ್ಲಿ ನಿಂತ ಸಮುದ್ರದ ನೀರಿನದು. ಅದರಲ್ಲಿರುವ ಸಣ್ಣ ಜೀವಗಳು ಸತ್ತು ಕೊಳೆತು ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ದೋಣಿ ಬಿಡುವ ಮುಂಚೆ ಸೀಕಾಕ್ ಮುಚ್ಚಿ, ಒಳಪೈಪನ್ನು ಅದರಿಂದ ಕಳಚಿ ಸಿಹಿನೀರಿನ ಬಕೆಟ್ಟಿಗೆ ಇಳಿಬಿಟ್ಟು ಹದಿನೈದು ಇಪ್ಪತ್ತು ಸಲ ಪಂಪು ಮಾಡಿದರೆ ಪೈಪಿನಲ್ಲಿ ಉಳಿಯುವುದು ಸಿಹಿನೀರು. ದೋಣಿಯ ಕುಡಿಯುವ ನೀರಿನ ಲೈನನ್ನು ಮಾತ್ರ ಸಂಡಾಸಕ್ಕೆ ನೇರ ಕೂಡಿಸಬೇಡಿ, ಹೊಲಸು ಹಿಂದಕ್ಕೆ ಸೇರುವ ಅಪಾಯವಿದೆ.

ವಾಸನೆ ಸದಾ ಇದ್ದರೆ ಹೊರಪೈಪಿನ ಗೋಡೆಯೇ ಅದನ್ನು ಬಿಡುತ್ತಿದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಶುದ್ಧ ಬಟ್ಟೆಯನ್ನು ಪೈಪಿಗೆ ಸುತ್ತಿ, ತಣ್ಣಗಾದ ಮೇಲೆ ದೋಣಿಯ ಹೊರಗೆ ಬಂದು ಮೂಸಿ ನೋಡಿ. ಬಟ್ಟೆ ನಾರಿದರೆ ಪೈಪು ಬದಲಿಸುವುದೊಂದೇ ದಾರಿ. ಹೊಸದು ಸಂಡಾಸಕ್ಕೆಂದೇ ಮಾಡಿದ ದಪ್ಪ ಗೋಡೆಯ ಪೈಪಾಗಿರಲಿ, ತೋಟಕ್ಕೆ ನೀರು ಬಿಡುವ ಸುರುಳಿ ಪೈಪು ಬೇಡ. ಪೈಪು ಎಲ್ಲೂ ಜೋತುಬೀಳದಂತೆ ಕಟ್ಟಿ. ಜೋತುಬಿದ್ದ ಹೊಟ್ಟೆಯಲ್ಲೇ ಹೊಲಸು ನಿಲ್ಲುವುದು.

ಪ್ರಶ್ನೆ: ನಮ್ಮ ವಿಜಯಪುರದ ಬೋರ್‌ವೆಲ್ ನೀರಿಗೆ ಮನೆಯ ಕಮೋಡಿನಲ್ಲಿ ಬಿಳಿ ಪದರ ಕಟ್ಟುತ್ತದೆ, ಆ್ಯಸಿಡ್ ಹಾಕಿ ತೆಗೆಯುತ್ತೇವೆ. ತಮ್ಮ ಕಾರವಾರದಲ್ಲಿ ದೋಣಿ ಇಟ್ಟಿದ್ದಾನೆ. ಅದಕ್ಕೂ ಅದೇ ಆ್ಯಸಿಡ್ ನಡೆಯುತ್ತದೆಯೇ?
— ಓದುಗರೊಬ್ಬರು, ವಿಜಯಪುರ

ಉತ್ತರ: ಪದರ ಒಂದೇ ಜಾತಿಯದು, ಆದರೆ ದೋಣಿಯಲ್ಲಿ ಬಹಳ ಜೋರು. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕದ ಮಿತಿ ಲೀಟರಿಗೆ 200 ಮಿ.ಗ್ರಾಂ., ಬೇರೆ ನೀರಿಲ್ಲದಿದ್ದರೆ 600. ಸಮುದ್ರದ ನೀರಿನದು 6,000ಕ್ಕೂ ಮೇಲೆ. ಮೂತ್ರದ ಯೂರಿಯಾ ಒಡೆದು ಅಮೋನಿಯಾ ಆದಾಗ ನೀರು ಕ್ಷಾರವಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಪೈಪಿನ ಗೋಡೆಗೆ ಕಲ್ಲಿನಂತೆ ಕೂರುತ್ತವೆ. ಸುತ್ತಲೂ 6 ಮಿ.ಮೀ. ಕಟ್ಟಿದರೆ 38ರ ಪೈಪು 26 ಆಗುತ್ತದೆ, ಹೊಲಸು ಹೋಗುವ ದಾರಿ ಅರ್ಧಕ್ಕಿಂತ ಕಡಿಮೆ.

ಅಷ್ಟು ಕಟ್ಟಿದ ಮೇಲೆ ಆ್ಯಸಿಡ್ ಸುರಿಯುವುದು ಕೆಲಸದ ದಾರಿಯಲ್ಲ. ಗನ್ ಮೆಟಲ್ ಸೀಕಾಕನ್ನೂ ಅದು ತಿನ್ನುತ್ತದೆ, ಉಳಿದದ್ದು ನೀರಿಗೆ ಹೋಗುತ್ತದೆ. ಪೈಪು ಕಳಚಿ ದಡಕ್ಕೆ ತಂದು ಕಾಂಕ್ರೀಟಿನ ಮೇಲೆ ಬಟ್ಟೆ ಒಗೆದಂತೆ ಬಡಿಯಿರಿ, ಪದರ ಚೂರುಚೂರಾಗಿ ಉದುರುತ್ತದೆ. ತಿಂಗಳಿಗೊಮ್ಮೆ ಅರ್ಧ ಲೀಟರ್ ವಿನಿಗರ್ ರಾತ್ರಿಯಿಡೀ ಬಿಟ್ಟರೆ ಹೊಸದಾಗಿ ಕಟ್ಟುವುದು ನಿಧಾನವಾಗುತ್ತದೆ, ಕಟ್ಟಿದ್ದು ಹೋಗುವುದಿಲ್ಲ. ಮನೆಯಲ್ಲಾಗಲಿ ದೋಣಿಯಲ್ಲಾಗಲಿ ಆ್ಯಸಿಡ್ಡಿನ ಮೇಲೆ ಬ್ಲೀಚನ್ನು, ಬ್ಲೀಚಿನ ಮೇಲೆ ಆ್ಯಸಿಡ್ಡನ್ನು ಎಂದೂ ಹಾಕಬೇಡಿ. ಹೊರಡುವುದು ಕ್ಲೋರಿನ್ ಅನಿಲ. ದೋಣಿಯ ಸಂಡಾಸ ಕಪಾಟಿನಷ್ಟೇ ಇಕ್ಕಟ್ಟು, ಓಡಿಹೋಗಲು ಜಾಗವಿರುವುದಿಲ್ಲ.

ಪ್ರಶ್ನೆ: ಆಲಮಟ್ಟಿ ಹಿನ್ನೀರಿನ್ಯಾಗ 14 ಮಂದಿ ಕೂಡೂ ದೋಣಿ ಬಿಡಬೇಕು ಅಂತ ವಿಚಾರ ಐತ್ರಿ. ಹೆಣ್ಣಮಕ್ಕಳು, ವಯಸ್ಸಾದವರು ಬರ್ತಾರ, ಸಂಡಾಸ ಬೇಕು. ಸಮುದ್ರದ ದೋಣಿಯದ್ದು ಅಗ್ಗದಾಗ ಸಿಕ್ಕೈತಿ. ಹಾಕಬಹುದೇನ್ರಿ?
— ಓದುಗರೊಬ್ಬರು, ನವನಗರ, ಬಾಗಲಕೋಟೆ

ಉತ್ತರ: ಬಟ್ಟಲ ಮತ್ತು ಪಂಪು ಹಾಕಬಹುದು, ಹೊರಗೆ ಬಿಡುವ ತೂತು ಮಾತ್ರ ಕೂಡದು. ಹಿನ್ನೀರು ಊರೂರಿಗೆ ಕುಡಿಯುವ ನೀರು. 1974ರ ಜಲಮಾಲಿನ್ಯ ತಡೆ ಕಾಯ್ದೆಯ 24ನೇ ಕಲಮು ಹೊಳೆಗೆ ಹೊಲಸು ಬಿಡುವುದನ್ನು ನಿಷೇಧಿಸುತ್ತದೆ. ಕಾನೂನು ಇರದಿದ್ದರೂ ಕೃಷ್ಣೆಗೆ ಬಿಡುವ ಮಾತು ಬರಬಾರದು. ಸಮುದ್ರದ ದೊಡ್ಡ ಹಡಗುಗಳೂ ಸಂಸ್ಕರಿಸದ ಮಲವನ್ನು ದಡದಿಂದ 12 ನಾಟಿಕಲ್ ಮೈಲಿ ಆಚೆಗೇ ಬಿಡಬೇಕೆಂಬ ಅಂತರರಾಷ್ಟ್ರೀಯ ನಿಯಮವಿದೆ. ಗೋವಾದ ಹೊಳೆಗಳಲ್ಲಿ ದೋಣಿ ಇಟ್ಟವರೂ ಇದನ್ನು ನೆನಪಿಡಿ, ಅಲ್ಲಿ ಜನ ಚಿಪ್ಪಿಕಲ್ಲು ಹೆಕ್ಕಿ ತಿನ್ನುತ್ತಾರೆ.

ನಿಮಗೆ ಸುಲಭವಾದದ್ದು ಎತ್ತಿಕೊಂಡು ಹೋಗುವ ಪೆಟ್ಟಿಗೆ ಸಂಡಾಸ. ಮೇಲೆ ನೀರಿನ ಪೆಟ್ಟಿಗೆ, ಕೆಳಗೆ 20 ಲೀಟರಿನ ಹೊಲಸಿನ ಪೆಟ್ಟಿಗೆ, ನಡುವೆ ಜಾರುವ ಮುಚ್ಚಳ. ಕಡಿಮೆ ನೀರು ಬಳಸಿದರೆ 25ರ ಆಸುಪಾಸು ಬಳಕೆಗೆ ಸಾಕು. ದಿನಕ್ಕೆ ಎರಡು ಟ್ರಿಪ್ಪಿನಂತೆ ಒಂದು ದಿನ ಆರಾಮಾಗಿ ನಡೆಯುತ್ತದೆ. ತುಂಬಿದ್ದು 20 ಕಿಲೋಗೆ ಮೇಲಿರುತ್ತದೆ, ಇಬ್ಬರು ಹಿಡಿದು ದಡಕ್ಕಿಳಿಸಿ ಒಳಚರಂಡಿಗೆ ಕೂಡಿದ ಸಂಡಾಸದಲ್ಲಿ ಖಾಲಿ ಮಾಡಬೇಕು. ವಾಸನೆಗೆ ಹಾಕುವ ದ್ರವ ಫಾರ್ಮಾಲ್ಡಿಹೈಡ್ ಇಲ್ಲದ್ದಾಗಿರಲಿ. ಫಾರ್ಮಾಲ್ಡಿಹೈಡ್ ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ.

ಸ್ಥಿರ ಟ್ಯಾಂಕೇ ಬೇಕೆಂದರೆ: 14 ಮಂದಿ ದಿನಕ್ಕೆ ಎರಡು ಟ್ರಿಪ್ಪು, ಅರ್ಧ ಜನ ಬಳಸಿದರೂ 14 ಬಳಕೆ, ಒಂದಕ್ಕೆ 2 ಲೀಟರಿನಂತೆ 28. ಎರಡು ದಿನಕ್ಕೆ 56. 80 ಲೀಟರಿನ ದಪ್ಪ ಪಾಲಿಎಥಿಲೀನ್ ಟ್ಯಾಂಕು ಹಾಕಿ. ಕಬ್ಬಿಣ, ಅಲ್ಯುಮಿನಿಯಂ ಬೇಡ, ಮೂತ್ರ ಎರಡನ್ನೂ ತೂತು ಮಾಡುತ್ತದೆ. ತುಂಬಿದಾಗ 80 ಕಿಲೋ, ಒಬ್ಬ ದೊಡ್ಡ ಆಳಿನ ತೂಕ, ಆದ್ದರಿಂದ ದೋಣಿಯ ನಡುವೆ, ತಳದಲ್ಲಿ ಕೂಡಿಸಿ ಪಟ್ಟಿ ಬಿಗಿಯಿರಿ. ಗಾಳಿಗೆ ಕನಿಷ್ಠ 19 ಮಿ.ಮೀ. ಪೈಪು, ಸಾಧ್ಯವಾದರೆ ಎರಡು, ಎರಡೂ ಕಡೆಯ ಹಲಗೆಗೆ. ಗಾಳಿಯಾಡಿದರೆ ನಾರದ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಗಾಳಿ ಕಟ್ಟಿದರೆ ನಾರುವವು. ಗಾಳಿ ಪೈಪು ಪೂರ್ತಿ ಮುಚ್ಚಿಕೊಂಡರೆ ಟ್ಯಾಂಕು ಉಬ್ಬಿ ಬಿರಿಯಲೂಬಹುದು. ಖಾಲಿ ಮಾಡಲು ಮೇಲೆ 38 ಮಿ.ಮೀ. ಬಾಯಿ ಕೊಡಿ, ಸೆಪ್ಟಿಕ್ ಟ್ಯಾಂಕ್ ಎಳೆಯುವ ಗಾಡಿ ದಡಕ್ಕೆ ಬಂದು ಎಳೆದುಕೊಳ್ಳುತ್ತದೆ. ಹೊಳೆಯಿಂದ ನೀರೆಳೆಯುವ ಪೈಪಿಗೆ ಜಾಲರಿ ಹಾಕಿ, ಬ್ಯಾಸಗಿಯಲ್ಲಿ ನೀರಿಳಿದಾಗ ರಾಡಿ, ಜೊಂಡು ಬಂದು ಕಟ್ಟುತ್ತವೆ.

ಪ್ರಶ್ನೆ: ಕೈಪಂಪು ತೆಗೆದು ಕರೆಂಟಿನದು ಹಾಕಿದರೆ ಹೇಗೆ?
— ಓದುಗರೊಬ್ಬರು, ಗೋಕಾಕ

ಉತ್ತರ: ಆಗುತ್ತದೆ. 12 ವೋಲ್ಟಿನ ಮೋಟಾರು 15ರಿಂದ 20 ಆಂಪಿಯರ್ ಎಳೆಯುತ್ತದೆ. 40 ಸೆಕೆಂಡು ಓಡಿದರೂ ಬ್ಯಾಟರಿಯಿಂದ ಹೋಗುವುದು ಕಾಲು ಆಂಪಿಯರ್-ಅವರ್‌ನೊಳಗೆ, ಅದರ ಚಿಂತೆ ಬೇಡ. ಚಿಂತೆ ವೈರಿನದು. ಬ್ಯಾಟರಿ 4 ಮೀಟರ್ ದೂರವಿದ್ದರೆ 10 ಚದರ ಮಿ.ಮೀ. ತಾಮ್ರದ ವೈರು ಹಾಕಿ, ಬ್ಯಾಟರಿಯ ಪಕ್ಕದಲ್ಲೇ ತಯಾರಕರು ಹೇಳಿದ ಫ್ಯೂಸ್ ಇಡಿ. ಸಣ್ಣ ವೈರಿನಲ್ಲಿ ವೋಲ್ಟೇಜ್ ಬಿದ್ದು ಮೋಟಾರು ಮೆಲ್ಲಗೆ ತಿರುಗಿ, ಅರೆಯುವ ಬ್ಲೇಡು ಕಾಗದಕ್ಕೆ ಸಿಕ್ಕಿಕೊಂಡು ಸುಡುತ್ತದೆ. ಸುಣ್ಣ ಕಟ್ಟಿದ ಹಳೆ ಪೈಪಿಗೆ ಹೊಸ ಮೋಟಾರು ಕೂಡಿಸಬೇಡಿ. ಕೈಪಂಪಾದರೆ ಬಿಗಿಯಾಗಿದೆ ಎಂದು ಕೈಗೆ ತಿಳಿಯುತ್ತದೆ, ಮೋಟಾರಿಗೆ ತಿಳಿಯುವುದಿಲ್ಲ.

ಕೆಲಸ ಯಾವುದೇ ಇರಲಿ, ಜೂನ್ ಮಳೆಗೆ ಮುಂಚೆ ದೋಣಿ ದಡಕ್ಕೆ ಬಂದಾಗ ಮಾಡಿಕೊಳ್ಳಿ. ಮಳೆಗಾಲಕ್ಕೆ ಬಿಡುವಾಗ ಸಿಹಿನೀರಲ್ಲಿ ತೊಳೆದು, ಪಂಪಿನ ಬುಡದ ನೀರು ಪೂರ್ತಿ ಹೊರಹಾಕಿ, ಹಿಡಿಕೆಯನ್ನು ಕೆಳಗೆ ಒತ್ತಿ ಬೀಗ ಹಾಕಿ ಬನ್ನಿ. ಸಳಿ ಹೊರಗಿದ್ದರೆ ಉಪ್ಪುಗಾಳಿಗೆ ಮೈ ಒರಟಾಗಿ, ಹೊಸ ಗ್ಲ್ಯಾಂಡ್ ಸೀಲು ಅಕ್ಟೋಬರಿನ ಮೊದಲ ಒತ್ತಿಗೇ ಹರಿಯುತ್ತದೆ.